ಸಮಸ್ಯೆ: ‘ಕಾಳಿಯೆ ಬಾಲವನಲುಗಿಸಿ ಕಾಲ್ನೆಕ್ಕಿದಳೈ’

ಸಮಸ್ಯೆ ಕೊಟ್ಟವರು:

ಎಲ್ಲರಿಗೂ ನಮಸ್ಕಾರ. ಈ ವಾರದ ಸರದಿ ನನ್ನದು. ಕಂದಪದ್ಯದ ಕೊನೆಯ ಸಾಲು ಇದು:

ಕಾಳಿಯೆ ಬಾಲವನಲುಗಿಸಿ ಕಾಲ್ನೆಕ್ಕಿದಳೈ

ರುಂಡಮಾಲೆ ತೊಟ್ಟ ತಾಯಿಗೆ ಬಾಲವೆಲ್ಲಿಯದು? ಆಕೆ ಯಾರದೋ ಕಾಲು ನೆಕ್ಕುವುದೆಂದರೇನು? ಆ ಅಪಚಾರ ಕಳೆಯುವ ಮೊದಲ ಮೂರು ಸಾಲು, ಅಂದರೆ ಪೂರಣ, ನಿಮ್ಮಿಂದ ಬರಬೇಕು. ಪ್ರಾಸ ಗಜ: ಮೊದಲಕ್ಷರ ದೀರ್ಘ, ಎರಡನೆಯದು ಒತ್ತಿಲ್ಲದ ಳಕಾರ. ಗಣವೆಂದರೆ ನಾಲ್ಕು ಮಾತ್ರೆಯ ತುಂಡು, ಸಾಲುಗಳಲ್ಲಿ ಕ್ರಮವಾಗಿ ಮೂರು, ಐದು, ಮೂರು, ಐದು. ನಾಲ್ಕನೆಯ ಸಾಲಿನಲ್ಲಿ ‘ನಲುಗಿಸಿ’ ಎಂಬ ಸರ್ವಲಘು (ನಾಲ್ಕೂ ಲಘು) ಮೂರನೆಯ ಸಾಲಿನಿಂದ ಎಣಿಸಿದರೆ ಆರನೆಯ ಗಣದ ಜಾಗದಲ್ಲಿದೆ. ಎರಡನೆಯ ಸಾಲಿನ ನಡುಗಣದಲ್ಲೂ ಜಗಣವೋ (ಲಘು-ಗುರು-ಲಘು) ಸರ್ವಲಘುವೋ ಇರಲೇಬೇಕು, ಮರೆಯಬೇಡಿ.

ಈ ಸಾಲು ಸುಮ್ಮನೆ ಹೊಳೆದದ್ದಲ್ಲ. ಹದಿನೈದು ದಿನದ ಹಿಂದೆ ಮುಧೋಳದ ಕಡೆಯಿಂದ ಒಂದು ಹೆಣ್ಣು ನಾಯಿಮರಿ ತಂದೆವು. ಎರಡು ತಿಂಗಳಿನದು. ಮೈ ತೆಳುಗಂದು, ಎದೆಯ ಮೇಲೆ ಒಂದು ಬಿಳಿ ಪಟ್ಟಿ, ಮೂತಿ ಈಗಲೇ ಉದ್ದ, ಕಾಲುಗಳಂತೂ ಬೇರೆ ಯಾವುದೋ ದೊಡ್ಡ ಪ್ರಾಣಿಯಿಂದ ಎರವಲು ತಂದ ಹಾಗಿವೆ. ಹೆಸರು ಮಾತ್ರ ಇನ್ನೂ ಇಟ್ಟಿಲ್ಲ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕೂಗುತ್ತಾರೆ, ಅದು ಯಾವುದಕ್ಕೂ ಕಿವಿ ಕೊಡುವುದಿಲ್ಲ. ಬೇಟೆನಾಯಿಯ ವಂಶದ ಮರಿಗೆ ಬಾಯಿಗೆ ಬಂದ ಹೆಸರಿಡಲು ನನಗೆ ಮನಸ್ಸಿಲ್ಲ. ಪೂರಣದ ಜೊತೆ ಹೆಸರನ್ನೂ ಸೂಚಿಸಿ.

ಮಂಡ್ಯದ ಮೇಷ್ಟ್ರು:

ಸಾಲು ನೋಡಿದ ಕೂಡಲೇ ನಮ್ಮ ಜಿಲ್ಲೆಯ ಕಲ್ಲು ಕಣ್ಣ ಮುಂದೆ ಬಂತು. ನೀವು ಅದನ್ನೇ ನೆನೆದು ಕೊಟ್ಟಿರಬೇಕು.

ಕಾಳಗದೊಳ್ ಮೆಚ್ಚಿ ವರಂ
ಕೇಳೆನೆ ದೊರೆ, ನಾಡನೊಲ್ಲದೀ ನಾಯನೆ ತಾಂ
ಬಾಳಿನ ಜೊತೆಯೆನೆ ಬೇಡಲ್
ಕಾಳಿಯೆ ಬಾಲವನಲುಗಿಸಿ ಕಾಲ್ನೆಕ್ಕಿದಳೈ

ಗೊತ್ತಿಲ್ಲದವರಿಗಾಗಿ ಎರಡು ಮಾತು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಇದು, ಕ್ರಿ.ಶ. 949–50ರದು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಒಂದಾಗಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದರು, ಚೋಳ ರಾಜಾದಿತ್ಯ ಅಲ್ಲೇ ಬಿದ್ದ. ಆ ಕಾಳಗದಲ್ಲಿ ಬೂತುಗನ ಆಳು ಮಣಲೇರ ತೋರಿದ ಕಲಿತನಕ್ಕೆ ಮೆಚ್ಚಿ ‘ಬೇಡಿಕೋ’ ಎಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಊರು ಬೇಡಬಹುದಿತ್ತು, ಹೊನ್ನು ಬೇಡಬಹುದಿತ್ತು. ಆಮೇಲೆ ಬೆಳತೂರಿನ ಪಡುವಣ ಮೊರಡಿಯಲ್ಲಿ (ದಿಬ್ಬದಲ್ಲಿ) ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ‘ಪಂದಿಯುಂ ನಾಯುಮೊಡಸತ್ತುವು’ ಎನ್ನುತ್ತದೆ ಶಾಸನ. ಎರಡೂ ಒಟ್ಟಿಗೆ ಸತ್ತವು, ಅಷ್ಟೇ. ಆ ಒಂದು ಮಾತಿಗೆ ಇನ್ನೊಂದು ಮಾತು ಸೇರಿಸಲು ನನಗೆ ಇವತ್ತಿಗೂ ಕೈ ಬರುವುದಿಲ್ಲ. ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಟ್ಟು ಭೂಮಿ ಬಿಟ್ಟರು. ಗುಡಿಯ ಗೊರವ, ಅಂದರೆ ಪೂಜಾರಿ, ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ತಟ್ಟುತ್ತದೆ ಎಂಬ ಕಟ್ಟೂ ಅದರಲ್ಲಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಹಂದಿಯ ಮೇಲೆ ಎರಗಿರುವ ಉಬ್ಬುಚಿತ್ರದ ಮುಂದೆ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

‘ಒಡಸತ್ತುವು’ ಎಂಬುದು ನಪುಂಸಕ ಬಹುವಚನ. ಕಾಳಿಯನ್ನು ಹೆಣ್ಣಾಗಿಸಿದ್ದು ಸಮಸ್ಯೆಯ ‘ದಳೈ’. ಪದ್ಯಕ್ಕೆ ಆ ಸಲಿಗೆ ಸಲ್ಲಲಿ. ನನ್ನ ಸೂಚನೆ ಸ್ಪಷ್ಟ: ಮರಿಗೆ ಕಾಳಿ ಎಂದೇ ಹೆಸರಿಡಿ. ಸಾವಿರ ವರ್ಷ ಕಲ್ಲಿನಲ್ಲಿ ಬಾಳಿದ ನಾಯಿಯ ಹೆಸರು ಕನ್ನಡದಲ್ಲಿ ಇರುವಾಗ ಬೇರೆ ಯಾಕೆ?

ಮೈಸೂರಿನ ಗೆಳೆಯರು:

ನಾನು ಕಾಳಿಯ ಸರ್ಪವನ್ನು ತರಲು ಹೊರಟಿದ್ದೆ. ಮಡುವಿನಲ್ಲಿ ಕೃಷ್ಣ ಹೆಡೆ ತುಳಿದ ಮೇಲೆ ಹಾವು ಬಾಲ ಅಲುಗಿಸಿ ಕಾಲು ನೆಕ್ಕುವುದು ಸಹಜವೇ. ಆದರೆ ‘ನೆಕ್ಕಿದಳೈ’ ಎಂಬಲ್ಲಿ ದಾರಿ ಮುಚ್ಚಿತು. ‘ನೆಕ್ಕಿದನೈ’ ಎಂದು ಮಾಡಿಕೊಳ್ಳಲು ಅಪ್ಪಣೆ ಇದೆಯೇ?

ಸಮಸ್ಯೆ ಕೊಟ್ಟವರು:

ಇಲ್ಲ ಸ್ವಾಮಿ, ಕೊಟ್ಟ ಸಾಲನ್ನು ತಿದ್ದುವಂತಿಲ್ಲ. ಆದರೆ ಕಲ್ಪನೆ ಚೆನ್ನಾಗಿದೆ, ಇನ್ನೊಮ್ಮೆ ಬೇರೆ ಸಾಲಾಗಿ ಕೊಡೋಣ.

ಮೇಷ್ಟ್ರೇ, ‘ನಾಡನೊಲ್ಲದೀ ನಾಯನೆ’ ಎಂಬಲ್ಲಿ ‘ಡನೊಲ್ಲ’ ಜಗಣ ಬಿದ್ದ ಜಾಗ ಓದುವಾಗ ಒಂದು ಸಣ್ಣ ನೆಗೆತ ಕೊಡುತ್ತದೆ. ನಾಡು ಬೇಡವೆಂದು ಕೈ ಆಡಿಸಿದ ಹಾಗೆಯೇ ಕೇಳಿಸಿತು. ಹೌದು, ಆತಕೂರನ್ನು ನೆನೆದೇ ಕೊಟ್ಟದ್ದು. ಆದರೆ ಒಂದು ತೊಡಕಿದೆ, ನಮ್ಮ ಮರಿ ಕಪ್ಪಲ್ಲ. ಹುಲ್ಲು ಒಣಗಿದ ಬಣ್ಣ. ಕಾಳಿ ಎಂದು ಕರೆದಾಗೆಲ್ಲ ಕಣ್ಣಿಗೂ ಮಾತಿಗೂ ಹೊಂದುವುದಿಲ್ಲ.

ಮುಧೋಳದ ಗೆಳೆಯರು:

ಅಣ್ಣಾರ, ನಮಸ್ಕಾರ್ರಿ. ನಮ್ಮ ಸೀಮಿ ಮರಿ ನಿಮ್ಮ ಮನಿಗೆ ಬಂದೈತಿ ಅಂತ ಓದಿ ಭಾಳ ಖುಷಿ ಆತು. ಪೂರಣ ತೊಗೋರಿ:

ಗಾಳಿಯ ಕಾಲಿನ ಮರಿಯಂ
ಜೋಳದ ನುಚ್ಚಂ ಬಡಿಸುತೆ ಪೆಸರಿಂ ಕರೆಯಲ್
ಧೂಳಿಯನೆಬ್ಬಿಸುತೋಡುತೆ
ಕಾಳಿಯೆ ಬಾಲವನಲುಗಿಸಿ ಕಾಲ್ನೆಕ್ಕಿದಳೈ

ಹೆಸರಿನ ಮಾತು ಹೇಳತೇನಿ. ನಮ್ಮಜ್ಜ ನಾಯಿಗೆ ಹೆಸರಿಡೂ ಮುಂದ ಹೊಲದ ಈ ತುದಿಗೆ ತಾ ನಿಂದರತಿದ್ದ, ಆ ತುದಿಗೆ ನನ್ನ ನಿಂದರಸತಿದ್ದ. ಒಂದೊಂದ ಹೆಸರು ಕೂಗಾಂವ. ಪೂರಾ ಕೇಳಿಸಿದ್ರ ನಾ ಕೈ ಎತ್ತಬೇಕು. ಮೂರು ನಾಕು ಅಕ್ಷರದ ಹೆಸರಾದ್ರ ನಡುವಿಂದು ಹಾರಿ ಹೋಗತಿತ್ತು, ಕಡೀದು ಅಷ್ಟ ಬರತಿತ್ತು. ಎರಡಕ್ಷರ ಇರಬೇಕು, ಮೊದಲಿಂದು ದೀರ್ಘ ಇರಬೇಕು, ಅದನ್ನ ಎಳದು ಕೂಗಾಕ ಬರಬೇಕು. ಯಾಕಂದ್ರ ಇದು ಮೂಸಿ ಹಿಡಿಯೂ ನಾಯಿ ಅಲ್ರಿ, ಕಣ್ಣಿಲೆ ಹಿಡಿಯೂ ನಾಯಿ. ಒಮ್ಮೆ ಮೊಲದ ಮ್ಯಾಲೆ ಕಣ್ಣ ನಟ್ಟಿತು ಅಂದ್ರ ಕಿವಿ ಇದ್ದೂ ಇಲ್ಲದಂಗ. ಆ ಓಟದಾಗೂ ಹೊಕ್ಕು ತಿರುಗಿಸೂ ಹೆಸರು ಬೇಕು.

ಈಗ ಬ್ಯಾಟಿ ಇಲ್ಲ ಬಿಡ್ರಿ, 1972ರ ವನ್ಯಜೀವಿ ಕಾಯ್ದೆ ಬಂದ ಮ್ಯಾಲೆ ಅದು ಮುಗಿದ ಮಾತು. ಆದ್ರ ಓಟ ಹೋಗಿಲ್ಲ. ಬೆಕ್ಕು ಕಂಡ್ರೂ ಓಡತಾವ, ರಸ್ತಾದ ಮ್ಯಾಲೆ ಗಾಡಿ ಬರತಾವ. ತಿರುಗಿ ಬರೂ ಹೆಸರು ಈಗ ಮೊದಲಿಗಿಂತ ಹೆಚ್ಚು ಬೇಕಾಗೇತಿ.

ಇನ್ನೊಂದ ಮಾತು. ಈ ಜಾತಿ ಹೆಸರೂ ಊರಿಂದ ಬಂದದ್ದು. ಮಾಲೋಜಿರಾವ ಘೋರ್ಪಡೆ ಮಹಾರಾಜರು ವಿಲಾಯತಿಗೆ ಹೋದಾಗ ಐದನೇ ಜಾರ್ಜ್ ದೊರಿಗೆ ಒಂದು ಜೋಡಿ ಕೊಟ್ರು, ಅಲ್ಲಿಂದ ಮುಧೋಳ ನಾಯಿ ಅನ್ನೂ ಹೆಸರು ಹಬ್ಬಿತು ಅಂತ ನಮ್ಮ ಹಿರಿಯಾರು ಹೇಳತಿದ್ರು. 2005ರಾಗ ಅಂಚೆ ಚೀಟಿ ಮ್ಯಾಲೂ ಬಂತು. ನಮ್ಮೂರ ಬದಿಯ ತಿಮ್ಮಾಪುರದಾಗ ಬೀದರ ಪಶುವೈದ್ಯ ವಿಶ್ವವಿದ್ಯಾಲಯದ ನಾಯಿ ಸಂಶೋಧನಾ ಕೇಂದ್ರ ಐತಿ, ಒಮ್ಮೆ ಬಂದು ನೋಡ್ರಿ.

ಶಿರಸಿಯ ಅಕ್ಕ:

ತಮ್ಮಾ, ನಿನ್ನ ಅಜ್ಜನ ಪರೀಕ್ಷೆ ಓದಿ ಸಂತೋಷವಾಯಿತು. ಗ್ರೀಸಿನ ಜೆನೊಫನ್ ಎಂಬವನು ಬೇಟೆಯ ಬಗ್ಗೆ ಬರೆದ ಹೊತ್ತಗೆಯಲ್ಲಿ ಇದನ್ನೇ ಹೇಳುತ್ತಾನೆ: ನಾಯಿಗೆ ಗಿಡ್ಡ ಹೆಸರಿಡಿ, ಕೂಗಲು ಸುಲಭವಾಗಲಿ. ಹಾಗೆಂದು 47 ಹೆಸರುಗಳ ಪಟ್ಟಿಯನ್ನೂ ಕೊಟ್ಟಿದ್ದಾನೆ. ಜೀವ, ಕೆಚ್ಚು, ಈಟಿ, ಕಿರಣ ಎಂಬ ಅರ್ಥದ ಹೆಸರುಗಳು ಅವು. ಎರಡು ಸಾವಿರದ ಮುನ್ನೂರು ವರ್ಷಕ್ಕೂ ಹಿಂದಿನ ಮಾತು. ಅವನ ಬಯಲೂ ನಿಮ್ಮಜ್ಜನ ಹೊಲವೂ ಒಂದೇ ಪಾಠ ಕಲಿಸಿವೆ.

ನನ್ನ ಪೂರಣದಲ್ಲಿ ಕಾಳಿಯನ್ನು ದೇವಿಯಾಗಿಯೇ ಉಳಿಸಿಕೊಂಡಿದ್ದೇನೆ:

ಊಳಿಗದಿಂ ದಣಿದಜ್ಜಂ
ಕಾಳಿಯ ಗುಡಿಯೊಳ್ ಮಲಗಿರೆ ಸಾಕಿದ ಮುದಿನಾಯ್
ತೋಳಂ ಮೂಸಲ್ ಕನಸೊಳ್
ಕಾಳಿಯೆ ಬಾಲವನಲುಗಿಸಿ ಕಾಲ್ನೆಕ್ಕಿದಳೈ

ಹೆಸರಿಗೆ ಸರಮೆ ಆಗದೇ? ಋಗ್ವೇದದ ಹತ್ತನೆಯ ಮಂಡಲದಲ್ಲಿ ಇಂದ್ರನ ದೂತೆಯಾಗಿ ರಸಾ ನದಿ ದಾಟಿ, ಹಸುಗಳನ್ನು ಬಚ್ಚಿಟ್ಟ ಪಣಿಗಳ ಬಳಿಗೆ ಅವನ್ನು ಕೇಳಲು ಹೋದ ದೇವತೆಗಳ ಹೆಣ್ಣುನಾಯಿ. ಅವರು ತಂಗಿ ಎಂದು ಕರೆದು ಆಸೆ ತೋರಿಸಿದರೂ ಒಪ್ಪಲಿಲ್ಲ. ಹೆಸರಿನಲ್ಲೇ ಓಟವಿದೆ.

ಮಂಡ್ಯದ ಮೇಷ್ಟ್ರು:

ಅಕ್ಕಾ, ಈ ಪದ್ಯಕ್ಕೆ ಕೈ ಮುಗಿದೆ. ನಾವೆಲ್ಲ ದೇವಿಯನ್ನು ನಾಯಿ ಮಾಡಿ ಸಮಸ್ಯೆ ಬಿಡಿಸಿದೆವು, ನೀವು ಕನಸಿನ ಬಾಗಿಲಿಂದ ನಾಯಿಯನ್ನು ದೇವಿ ಮಾಡಿದಿರಿ. ತೋಳು ಮೂಸಿದ್ದು ಎಚ್ಚರದಲ್ಲಿ, ಕಾಲು ನೆಕ್ಕಿದ್ದು ಕನಸಿನಲ್ಲಿ. ನಡುವೆ ಆ ಅಜ್ಜನ ನಿದ್ದೆ.

ಸರಮೆ ಬಗ್ಗೆ ಮಾತ್ರ ಹೊಲದ ಪರೀಕ್ಷೆ ಅಡ್ಡ ಬರುತ್ತದೆ. ಮೂರೂ ಲಘು. ಎಳೆದು ಕೂಗಲು ಜಾಗವೇ ಇಲ್ಲ.

ಹೊಸದಾಗಿ ಬಂದಾಕೆ:

ಎಲ್ಲರಿಗೂ ನಮಸ್ಕಾರ. ಕಂದ ಬರೆಯುವುದು ಇದೇ ಮೊದಲು, ತಪ್ಪಿದ್ದರೆ ದಯವಿಟ್ಟು ತಿದ್ದಿ.

ಬಾಲಕನಳುತಿರೆ ಬೆದರುತೆ
ತಾಳೆನುತೆ ತಾಯಿ ಪೆಸರನೆ ಮೆಲ್ಲನೆ ಕರೆಯಲ್
ಬಾಳೆಯ ಬನದಿಂ ಬಂದಾ
ಕಾಳಿಯೆ ಬಾಲವನಲುಗಿಸಿ ಕಾಲ್ನೆಕ್ಕಿದಳೈ

ಮಂಡ್ಯದ ಮೇಷ್ಟ್ರು:

ಬಾ ತಾಯಿ, ಸ್ವಾಗತ. ಮೊದಲ ಕಂದದಲ್ಲೇ ಮಾತ್ರೆ ಎಲ್ಲೂ ತಪ್ಪಿಲ್ಲ, ಅದು ಸಣ್ಣ ಮಾತಲ್ಲ. ‘ಬಾಳೆಯ ಬನದಿಂ ಬಂದಾ’ ಓದಿ ನಮ್ಮನೆ ಹಿತ್ತಿಲು ನೆನಪಾಯಿತು. ಎರಡೇ ತೊಡಕು.

ಒಂದು, ‘ಬಾಲಕ’ದಲ್ಲಿ ಲಕಾರ. ಉಳಿದ ಮೂರು ಸಾಲಿನಲ್ಲಿ ಳಕಾರ. ಕಿವಿಗೆ ಹತ್ತಿರವೆನಿಸಿದರೂ ಪ್ರಾಸ ಕೂಡದು. ಇನ್ನೊಂದು, ಎರಡನೆಯ ಸಾಲನ್ನು ಹೀಗೆ ಒಡೆದು ನೋಡು: ತಾಳೆನು / ತೆತಾಯಿ / ಪೆಸರನೆ / ಮೆಲ್ಲನೆ / ಕರೆಯಲ್. ‘ತೆತಾಯಿ’ ಲಘು-ಗುರು-ಲಘು, ಅಂದರೆ ಜಗಣ. ಮೊದಲ ಸಾಲಿನ ಮೂರು ಗಣ ಸೇರಿಸಿ ಎಣಿಸಿದರೆ ಅದು ಐದನೆಯದು. ಬೆಸ ಜಾಗದಲ್ಲಿ ಜಗಣ ಬಂದರೆ ಕಂದದ ನಡಿಗೆ ಎಡವುತ್ತದೆ. ಬಾಯಿಬಿಟ್ಟು ಓದು, ‘ತೆ’ ಎಂಬಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕಾಗುತ್ತದೆ. ನಿನ್ನ ಚಿತ್ರ ಕೆಡದಂತೆ ಹೀಗೆ ಮಾಡಬಹುದು:

ಗೋಳಿಡುತಿರೆ ಪಸುಳೆ ಬೆದರಿ
ತಾಳೆನುತುಂ ತಾಯ್ ಪೆಸರನೆ ಮೆಲ್ಲನೆ ಕರೆಯಲ್
ಬಾಳೆಯ ಬನದಿಂ ಬಂದಾ
ಕಾಳಿಯೆ ಬಾಲವನಲುಗಿಸಿ ಕಾಲ್ನೆಕ್ಕಿದಳೈ

‘ತುಂತಾಯ್’ ಎರಡು ಗುರು, ಈಗ ಸರಾಗ.

ಹೊಸದಾಗಿ ಬಂದಾಕೆ:

ತುಂಬ ಧನ್ಯವಾದ ಮೇಷ್ಟ್ರೇ. ಬಾಯಿಬಿಟ್ಟು ಓದಿದಾಗಲೇ ತಿಳಿಯಿತು. ಹೆಸರಿನ ಬಗ್ಗೆ ಒಂದು ಮಾತು ಹೇಳಬಹುದೇ? ಮುಧೋಳದ ಅಣ್ಣನವರ ಪದ್ಯ ನಾಲ್ಕೈದು ಸಲ ಓದಿದೆ. ಅದರ ಮೊದಲ ಪದದಲ್ಲೇ ಹೆಸರು ಕೂತಿದೆ ಅನ್ನಿಸಿತು. ಗಾಳಿ. ಎರಡಕ್ಷರ, ಮೊದಲನೆಯದು ದೀರ್ಘ, ಕಾಳಿಗೆ ಪ್ರಾಸ. ಬಣ್ಣದ ತೊಡಕೂ ಇಲ್ಲ.

ಮುಧೋಳದ ಗೆಳೆಯರು:

ತಂಗೀ, ನಾ ಬರದ ಸಾಲಿನಾಗ ಇದ್ದದ್ದು ನನಗ ಕಾಣಲಿಲ್ಲ, ನಿನಗ ಕಂಡಿತು!

ಸಮಸ್ಯೆ ಕೊಟ್ಟವರು:

ಎರಡು ದಿನ ಸುಮ್ಮನಿದ್ದೆ, ಕ್ಷಮಿಸಿ. ಮನೆಯಲ್ಲಿ ಇದೇ ಚರ್ಚೆ. ಗಾಳಿ ಎಂದ ಕೂಡಲೇ ಅಮ್ಮ ಬೇಡವೆಂದರು. ನಮ್ಮ ಕಡೆ ಮಕ್ಕಳು ಮಂಕಾದರೆ ‘ಗಾಳಿ ಸೋಕಿದೆ’ ಎಂದು ದೃಷ್ಟಿ ತೆಗೆಯುತ್ತಾರೆ. ಮುಸ್ಸಂಜೆ ಹೊತ್ತು ಬಾಗಿಲಲ್ಲಿ ನಿಂತು ‘ಗಾಳಿ, ಒಳಗೆ ಬಾ’ ಎಂದು ಕೂಗುವುದೇ ಎಂಬುದು ಅವರ ಪ್ರಶ್ನೆ. ಅದು ಸುಳ್ಳು ಭಯ ಎನ್ನಲು ನನಗೆ ಬಾಯಿ ಬರಲಿಲ್ಲ. ಹೆಸರು ಮನೆಯವರೆಲ್ಲರ ನಾಲಗೆಯ ಮೇಲೆ ಬಾಳಬೇಕಾದದ್ದು.

ನಿನ್ನೆ ಬೆಳಿಗ್ಗೆ ಮರಿ ಪಕ್ಕದ ಮನೆಯ ಕೋಳಿಯ ಬೆನ್ನು ಹತ್ತಿತು. ಕಣದಂಚಿನಲ್ಲಿ ಅದರ ಬೆನ್ನು ಬಿಲ್ಲಿನಂತೆ ಬಾಗುತ್ತ ನೆಟ್ಟಗಾಗುತ್ತ ಹೋಯಿತು. ಹಿಂಗಾಲು ಮುಂಗಾಲನ್ನು ದಾಟಿ ಮುಂದೆ ಬೀಳುತ್ತಿತ್ತು. ಅಷ್ಟು ಚಿಕ್ಕ ಮೈಯಲ್ಲಿ ಆ ಓಟ ನೋಡಿ ನನಗೆ ಕೂಗುವುದೇ ಮರೆತುಹೋಯಿತು. ಕೂಗಿದ್ದು ಅಮ್ಮ. ಅವರ ಬಾಯಿಂದ ತಾನಾಗಿ ‘ಗಾಳೀ’ ಎಂದು ಉದ್ದಕ್ಕೆ ಹೊರಟಿತು. ಮರಿ ನಿಂತಿತು. ಎರಡೂ ಕಿವಿ ಹಿಂದಕ್ಕೆ ಮಡಿಸಿ ತಿರುಗಿ ನೋಡಿತು, ಬಂತು. ಈಗ ಅಮ್ಮ ‘ಗಾಳೆಮ್ಮ’ ಎಂದು ಕರೆದು ಮಜ್ಜಿಗೆ ಅನ್ನ ಹಾಕುತ್ತಾರೆ.

ಕೊಟ್ಟ ಸಾಲು ತಿದ್ದುವಂತಿಲ್ಲ ಎಂದು ಹೇಳಿದವನು ನಾನೇ. ಇವತ್ತು ಒಂದಕ್ಷರ ತಿದ್ದುತ್ತಿದ್ದೇನೆ, ಮೈಸೂರಿನವರು ಮನ್ನಿಸಬೇಕು:

ನಾಳೆಗೆನುತ್ತಿರ್ದ ಪೆಸರ್
ಮೇಳದ ನುಡಿಯೊಳಗೆ ಸಿಕ್ಕಿ ಕರೆಯಲ್ಕೊಡನೇ
ಕೋಳಿಯ ಬೆನ್ನಂ ಬಿಟ್ಟಾ
ಗಾಳಿಯೆ ಬಾಲವನಲುಗಿಸಿ ಕಾಲ್ನೆಕ್ಕಿದಳೈ

ಮುಧೋಳದ ಗೆಳೆಯರು:

ಭಾಳ ಛಲೋ ಆತ್ರಿ ಅಣ್ಣಾರ. ಆದ್ರ ನಮ್ಮಜ್ಜನ ಪರೀಕ್ಷಾ ಇನ್ನೂ ಬಾಕಿ ಐತಿ. ಸುಗ್ಗಿ ಮುಗದ ಮ್ಯಾಲೆ ಹೊಲದ ಆ ತುದಿಗೆ ಯಾರನ್ನಾರ ನಿಂದರಸಿ ಅವ್ವಾರ ಕಡಿಂದನ ಒಮ್ಮೆ ಕೂಗಸ್ರಿ.