ನಮ್ಮ ಬಟಾಟಿ ಎಲ್ಲಿಂದ ಬಂತು?

ಬೆಳಗಾವಿ ಹುಡುಗಿ:
ನಮ್ಮ ಮನೆಯಲ್ಲಿ ಎಲ್ಲರೂ ಬಟಾಟಿ ಅಂತಾರೆ, ಬೆಂಗಳೂರಿನ ಗೆಳತಿ ಆಲೂಗಡ್ಡೆ ಅಂತಾಳೆ. ಮರಾಠಿಯಿಂದ ಬಂದದ್ದು ಅಂತ ಗೊತ್ತು, ಆದರೆ ಇಂಗ್ಲಿಷಿನ ಪೊಟ್ಯಾಟೊ ಕೂಡ ಹಾಗೇ ಕೇಳಿಸುತ್ತದೆ ಅಲ್ವಾ?

ಗೋಕಾಕದ ಮಾಸ್ತರ:
ಎರಡಕ್ಕೂ ಬೇರು ಒಂದೇ ತಂಗಿ. ಕೆರಿಬಿಯನ್ ದ್ವೀಪಗಳ ಟೈನೊ ಜನ ಗೆಣಸಿಗೆ ಬಟಾಟಾ ಅನ್ನುತ್ತಿದ್ದರು. ಸ್ಪೇನಿನವರು ಅದನ್ನೇ ಎತ್ತಿಕೊಂಡರು, ಆಮೇಲೆ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ಆಲೂಗಡ್ಡೆ ಸಿಕ್ಕಿತು, ಅದಕ್ಕೆ ಕೆಚುವಾ ಭಾಷೆಯಲ್ಲಿ ಪಾಪಾ ಅಂತ ಹೆಸರು. ಎರಡೂ ಬೆರೆತು ಸ್ಪೇನಿನಲ್ಲಿ ಪಟಾಟಾ ಆಯ್ತು ಅಂತ ಹೇಳ್ತಾರೆ. ಲ್ಯಾಟಿನ್ ಅಮೆರಿಕದಲ್ಲಿ ಈಗಲೂ ಪಾಪಾನೇ. ಇಂಗ್ಲಿಷಿನಲ್ಲೂ ಮೊದಲು ಪೊಟ್ಯಾಟೊ ಅಂದರೆ ಗೆಣಸು! 1597ರಲ್ಲಿ ಇಂಗ್ಲೆಂಡಿನ ಸಸ್ಯತಜ್ಞ ಜಾನ್ ಜೆರಾರ್ಡ್ ತಮ್ಮ ಗಿಡಗಳ ಪುಸ್ತಕದಲ್ಲಿ ಆಲೂಗಡ್ಡೆಯನ್ನು ವರ್ಜೀನಿಯಾದ ಪೊಟ್ಯಾಟೊ ಅಂತ ಬೇರೆ ಮಾಡಿ ಬರೆದರು.

ಖಾನಾಪುರದವ:
ಪೋರ್ಚುಗೀಸರು ಬಟಾಟಾ ಅನ್ನೋದನ್ನೇ ಆಲೂಗಡ್ಡೆಗೆ ಇಟ್ಟುಕೊಂಡರು, ಗೆಣಸಿಗೆ ಸಿಹಿ ಬಟಾಟಾ ಅಂತಾರೆ. ಅವರಿದ್ದ ಗೋವಾ ನಮ್ಮ ಘಾಟಿನ ಕೆಳಗೇ ಇದೆಯಲ್ರೀ, ಅದಕ್ಕೇ ಪದ ಕೊಂಕಣಿ, ಮರಾಠಿ ಬಾಯಿಗೆ ಬಿದ್ದು ನಮ್ಮ ಪಲ್ಯಕ್ಕೂ ಬಂತು. ಆದರೆ ಅರ್ಜೆಂಟೀನಾದಲ್ಲಿ ಬಟಾಟಾ ಕೇಳಿದರೆ ಇವತ್ತಿಗೂ ಗೆಣಸೇ ಕೊಡ್ತಾರೆ.

ಬೆಳಗಾವಿ ಹುಡುಗಿ:
ಅಂದ್ರೆ ಶಿವರಾತ್ರಿ ಉಪವಾಸಕ್ಕೆ ನಾವು ಕುದಿಸಿ ತಿನ್ನೋ ಗೆಣಸೇ ಮೂಲ ಬಟಾಟಿ! ಅವ್ವನಿಗೆ ಈಗಲೇ ಹೇಳ್ತೀನಿ.