ಹೈಸ್ಕೂಲು ಮಕ್ಕಳ ವಿಜ್ಞಾನ ಸಂಶೋಧನೆ: ಅನುಭವವಿದ್ದವರು ತಿಳಿಸುವಿರಾ?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಒಬ್ಬ ತಾಯಿ):
ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ ಓದುತ್ತಿರುವ ನನ್ನ ಮಗಳಿಗೆ ಮಕ್ಕಳ ವಿಜ್ಞಾನ ಸಮಾವೇಶಕ್ಕಾಗಿ ಒಂದು ಸಂಶೋಧನೆ ಮಾಡುವ ಆಸೆಯಿದೆ. ಹತ್ತನೇ ತರಗತಿ ಹತ್ತಿರ ಬರುತ್ತಿರುವಾಗ ಇದಕ್ಕೆ ಸಮಯ ಕೊಡಬಹುದೇ? ವಿಷಯವನ್ನು ಹೇಗೆ ಆರಿಸಬೇಕು, ಮನೆಯವರು ಎಷ್ಟು ನೆರವಾಗಬೇಕು?

ಉತ್ತರ (ಪೆರ್ಲದ ನಿವೃತ್ತ ವಿಜ್ಞಾನ ಅಧ್ಯಾಪಕ):
ಖಂಡಿತ ಮಾಡಲು ಬಿಡಿ. 1993ರಿಂದ ನಡೆದುಬಂದಿರುವ ಈ ಸಮಾವೇಶವು 10ರಿಂದ 17 ವರ್ಷದ ಮಕ್ಕಳಿಗಾಗಿಯೇ ಇದ್ದು, ಅವರು ತಮ್ಮ ಊರಿನ ಪ್ರಶ್ನೆಯನ್ನೇ ಎತ್ತಿಕೊಳ್ಳಬೇಕೆಂಬುದು ಅದರ ಆಶಯ.

ನನ್ನ ಇಬ್ಬರು ವಿದ್ಯಾರ್ಥಿಗಳು ಮನೆಯ ಸುರಂಗವನ್ನು ಆರಿಸಿಕೊಂಡಿದ್ದರು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಆ ಸುರಂಗದಿಂದ ಪಂಪಿನ ಹಂಗಿಲ್ಲದೆ ಹರಿದುಬರುವ ನೀರು ಯಾವ ತಿಂಗಳಲ್ಲಿ ಎಷ್ಟಿರುತ್ತದೆ ಎಂಬುದು ಅವರ ಪ್ರಶ್ನೆ. 10 ಲೀಟರಿನ ಬಾಲ್ದಿ ಮತ್ತು ಕೈಗಡಿಯಾರವೇ ಉಪಕರಣ. ಬಾಲ್ದಿ ತುಂಬಲು 40 ಸೆಕೆಂಡು ಬೇಕಾದರೆ ನಿಮಿಷಕ್ಕೆ 15 ಲೀಟರ್ ಎಂಬ ಲೆಕ್ಕ. ಇಬ್ಬರು ಅಳೆದಾಗ ಎರಡು ಉತ್ತರ ಬಂದು ಜಗಳವಾಯಿತು; ಹಲವು ಬಾರಿ ಅಳೆದು ಸರಾಸರಿ ತೆಗೆಯುವುದನ್ನು ಅವರು ಆ ಜಗಳದಿಂದಲೇ ಕಲಿತರು. ಮಳೆ ಹಿಡಿದ ಕೂಡಲೇ ನೀರು ಏರುತ್ತದೆಂದು ಅವರು ಮೊದಲೇ ಬರೆದಿಟ್ಟಿದ್ದರು, ಆದರೆ ಜೂನ್ ಮುಗಿಯುತ್ತ ಬಂದರೂ ಹರಿವು ಹಾಗೆಯೇ ಇತ್ತು. ಒಬ್ಬನು ಅಂಕಿಗಳನ್ನು ಸ್ವಲ್ಪ ತಿದ್ದೋಣ ಎಂದಾಗ ಇನ್ನೊಬ್ಬನು ಒಪ್ಪದೆ, ಗುಡ್ಡದೊಳಗೆ ನೀರು ಇಂಗಿ ಸುರಂಗಕ್ಕೆ ಇಳಿಯಲು ಸಮಯ ಬೇಕಲ್ಲವೇ ಎಂದು ಕೇಳಿದ. ತರಗತಿಯಲ್ಲಿ ಬಾಯಿಬಿಡದಿದ್ದ ಹುಡುಗನವನು. ಅಂಕಗಳಿಗಿಂತ ಆ ಪ್ರಾಮಾಣಿಕತೆ ದೊಡ್ಡದೆಂದು ನಾನು ಇಂದಿಗೂ ನಂಬಿದ್ದೇನೆ.

ಉತ್ತರ (ರಸಾಯನಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ, ಮುಳ್ಳೇರಿಯ):
ಮಾಸ್ತರು ಹೇಳಿದ್ದು ನನ್ನ ಅನುಭವವೂ ಹೌದು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ನನ್ನ ವಿಷಯವಾಗಿತ್ತು. 100 ಲೀಟರ್ ನೀರಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ತಲಾ ಒಂದು ಕಿಲೋ ಎಂಬುದು ಎಲ್ಲರಿಗೂ ಗೊತ್ತು. ಅಪ್ಪ ಮಾತ್ರ ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ, ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಸೇರಿಸುತ್ತಿದ್ದರು. ಸುಣ್ಣ ಸಾಲದೆ ಉಳಿದ ತಾಮ್ರವನ್ನು ಕಬ್ಬಿಣವು ಹೊರದೂಡಿ, ಅದು ಅಲಗಿನ ಮೇಲೆ ಕೂರುತ್ತದೆಂದು ತಿಳಿದ ದಿನ ಪಾಠಪುಸ್ತಕ ಮತ್ತು ತೋಟ ನನಗೆ ಒಂದಾದವು. ಸಂಕೋಚದಿಂದಲೇ ಕಾಸರಗೋಡಿನ ಸಿಪಿಸಿಆರ್‌ಐಗೆ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಹೋಗಿ ವಿಜ್ಞಾನಿಗಳನ್ನು ಪ್ರಶ್ನಿಸಿದ್ದು ನನಗೆ ಧೈರ್ಯ ಕೊಟ್ಟಿತು.

ನೆರವಿನ ಬಗ್ಗೆ ಹೇಳುವುದಾದರೆ, ಮೈಲುತುತ್ತಿನಂತಹ ವಸ್ತುಗಳನ್ನು ದೊಡ್ಡವರೇ ಮುಟ್ಟಲಿ. ಬರವಣಿಗೆಯನ್ನು ಮಾತ್ರ ಪೂರ್ತಿ ಮಗಳಿಗೇ ಬಿಡಿ, ಅಕ್ಕ. ದಿನಚರಿ ಪುಸ್ತಕದಲ್ಲಿ ಹೊಡೆದುಹಾಕಿದ ಸಾಲುಗಳಿದ್ದರೂ ಅದನ್ನು ಅಂದವಾಗಿ ನಕಲು ಮಾಡಿಸಬೇಡಿ. ಮಂಡನೆಯನ್ನು ಕನ್ನಡದಲ್ಲೇ ಸಿದ್ಧಪಡಿಸಲಿ, ಆದರೆ ಮಲಯಾಳದಲ್ಲಿ ಪ್ರಶ್ನೆ ಬಂದರೆ ಉತ್ತರಿಸುವ ಅಭ್ಯಾಸವನ್ನು ಗೆಳತಿಯರೊಂದಿಗೆ ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು.