ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್ಬಾಲ್ ಆಟ ಟಿವಿಯಲ್ಲೇ, ಕನ್ನಡದಲ್ಲೇ ನೋಡಬೇಕು ಅಂದ್ರೆ ಏನು ಮಾಡಬೇಕು?

ಸದಾಶಿವಗಡ_9 ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಾರವಾರದ ಹತ್ತಿರ ಸದಾಶಿವಗಡದಲ್ಲಿ ನಮ್ಮ ಮನೆ. ಇದು ಅಪ್ಪನ ಸಲುವಾಗಿ ಕೇಳುತ್ತಿರುವ ಪ್ರಶ್ನೆ.

ಅಪ್ಪನಿಗೆ 68 ವರ್ಷ. ಹುಡುಗನಾಗಿದ್ದಾಗ ಮಾಲಾದೇವಿ ಮೈದಾನದಲ್ಲಿ ಬರಿಗಾಲಲ್ಲಿ ಫುಟ್ಬಾಲ್ ಆಡಿದವರು. ಮನೆಯಲ್ಲಿ ಮಾತಾಡುವುದು ಕೊಂಕಣಿ, ಶಾಲೆಯಲ್ಲಿ ಓದಿದ್ದು ಕನ್ನಡ. ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಫೋನಿನ ಪರದೆಯಲ್ಲಿ ಚೆಂಡು ಎಲ್ಲಿದೆ ಅಂತ ಅವರಿಗೆ ಗೊತ್ತಾಗುವುದಿಲ್ಲ. ಟಿವಿಯಲ್ಲಾದರೆ ಕುರ್ಚಿ ಹತ್ತಿರ ಎಳೆದುಕೊಂಡು ನೋಡುತ್ತಾರೆ. ಟಿವಿ ಹಳೆಯದು, ಇಂಟರ್ನೆಟ್ ಹಾಕಲು ಬರುವುದಿಲ್ಲ. ಹಾಗಾಗಿ ಆ್ಯಪ್ ಹಾಕಿಕೊಳ್ಳಿ ಅನ್ನುವ ಉತ್ತರ ದಯವಿಟ್ಟು ಬೇಡ, ಅದನ್ನು ಎಲ್ಲರೂ ಹೇಳಿ ಆಗಿದೆ.

ತೊಂದರೆ ಏನಂದ್ರೆ, ಸ್ಪೋರ್ಟ್ಸ್ ಪ್ಯಾಕ್ ಅಂತ ತಿಂಗಳು ತಿಂಗಳು ದುಡ್ಡು ಕೊಡುತ್ತೇವೆ. ಆಟದ ದಿನ ಸಂಜೆ ಅಪ್ಪ ಏಳು ಗಂಟೆಗೇ ಊಟ ಮುಗಿಸಿ ಕೂರುತ್ತಾರೆ, ಟಿವಿ ಹಾಕಿದರೆ ಆ ಚಾನೆಲ್‌ನಲ್ಲಿ ಯಾವುದೋ ಹಳೆಯ ಕ್ರಿಕೆಟ್ ಪಂದ್ಯದ ಹೈಲೈಟ್ಸ್, ಫುಟ್ಬಾಲ್ ಪಕ್ಕದ ಇನ್ನೊಂದು ಚಾನೆಲ್‌ಗೆ ಹೋಗಿರುತ್ತದೆ, ಅದು ನಮ್ಮ ಪ್ಯಾಕ್‌ನಲ್ಲಿ ಇರುವುದಿಲ್ಲ. ಕೇಬಲ್‌ನವರಿಗೆ ಫೋನ್ ಮಾಡಿದರೆ ಮೇಲಿನಿಂದಲೇ ಹಾಗೆ ಬರುತ್ತಿದೆ ಅನ್ನುತ್ತಾರೆ. ಸಿಕ್ಕಿದ ದಿನವೂ ಕಾಮೆಂಟರಿ ಇಂಗ್ಲಿಷ್ ಇಲ್ಲವೇ ಹಿಂದಿ.

ನನಗೆ ನಿಜವಾಗಿ ಬೇಜಾರಾಗಿದ್ದು 2023ರ ಮಾರ್ಚ್ 4ರಂದು. ರಾಜ್ಯ ರಾಜ್ಯಗಳ ನಡುವೆ ನಡೆಯುವ ಸಂತೋಷ್ ಟ್ರೋಫಿ ಫುಟ್ಬಾಲ್ ಫೈನಲ್, ಸೌದಿಯ ರಿಯಾದ್‌ನಲ್ಲಿ. ಕರ್ನಾಟಕ ಮೇಘಾಲಯವನ್ನು 3-2ರಲ್ಲಿ ಸೋಲಿಸಿತು. 54 ವರ್ಷ ಆದಮೇಲೆ ನಮ್ಮ ರಾಜ್ಯಕ್ಕೆ ಟ್ರೋಫಿ ಬಂತು! ಹಿಂದಿನ ಸಲ, 1968-69ರಲ್ಲಿ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು, ಅಪ್ಪ ಹತ್ತು-ಹನ್ನೊಂದು ವರ್ಷದ ಹುಡುಗ. ಅಷ್ಟು ವರ್ಷ ಕಾದವರು ಆ ಆಟವನ್ನು ನೋಡಲಿಲ್ಲ. ನಾನು ಫೋನ್‌ನಲ್ಲಿ ನೋಡಿ ಪಕ್ಕದಲ್ಲಿ ಕೂತು ಹೇಳುತ್ತಾ ಹೋದೆ. ರಾಬಿನ್ ಯಾದವ್ ಫ್ರೀ ಕಿಕ್ ಗೋಲಾದಾಗ ಅಪ್ಪ ಎರಡು ಸಲ ಕೇಳಿದರು, ಎದುರು ಸಾಲಾಗಿ ನಿಂತ ಆಟಗಾರರ ಗೋಡೆ ಮೇಲಿಂದ ಹೋಯಿತಾ, ಪಕ್ಕದಿಂದ ಹೋಯಿತಾ ಅಂತ. ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಮರುದಿನ ನಾವು ನೋಡುವ ನ್ಯೂಸ್ ಚಾನೆಲ್‌ನಲ್ಲಿ ಅರ್ಧ ನಿಮಿಷ ತೋರಿಸಿದರು, ಅದರಲ್ಲಿ ಗೋಲೇ ಇರಲಿಲ್ಲ, ಕಪ್ ಎತ್ತಿದ ಫೋಟೋ ಮಾತ್ರ.

ಯಾರಾದರೂ ದಾರಿ ಕಂಡುಕೊಂಡಿದ್ದರೆ ಹೇಳಿ.

ಅಂಕೋಲಾ_ವೈರ್‌ಮನ್:

ಅಣ್ಣ, ನಾನು ಹನ್ನೊಂದು ವರ್ಷ ಕೇಬಲ್ ಲೈನ್ ಕೆಲಸ ಮಾಡಿದವನು. ಈಗ ಬಿಟ್ಟಿದ್ದೇನೆ. ಹಾಗಾಗಿ ಎರಡೂ ಕಡೆಯದನ್ನು ಹೇಳುತ್ತೇನೆ.

ಊರಿನ ಕೇಬಲ್‌ನವರಿಗೆ ಬೈದು ಪ್ರಯೋಜನ ಇಲ್ಲ. ಯಾವ ಆಟ ಯಾವ ಚಾನೆಲ್‌ನಲ್ಲಿ ಅಂತ ಹಕ್ಕು ಕೊಂಡ ಕಂಪನಿ ತೀರ್ಮಾನ ಮಾಡುತ್ತದೆ. ಅದೇ ಸಂಜೆ ಕ್ರಿಕೆಟ್ ಇದ್ದರೆ ಮುಖ್ಯ ಚಾನೆಲ್ ಕ್ರಿಕೆಟ್‌ಗೆ, ಫುಟ್ಬಾಲ್ ಎರಡನೇ ಮೂರನೇ ಚಾನೆಲ್‌ಗೆ. ನಮಗೂ ಅದು ಆವತ್ತೇ ಗೊತ್ತಾಗುತ್ತಿತ್ತು.

ಆದರೆ ಪ್ಯಾಕ್ ವಿಷಯದಲ್ಲಿ ನಿಮ್ಮ ಕೈಯಲ್ಲಿ ಒಂದು ಅಸ್ತ್ರ ಇದೆ. 2019ರಿಂದ ಟ್ರಾಯ್ (ಟಿವಿ, ಟೆಲಿಕಾಂಗೆ ನಿಯಮ ಮಾಡುವ ಕೇಂದ್ರದ ಪ್ರಾಧಿಕಾರ) ನಿಯಮದ ಪ್ರಕಾರ ಯಾವುದೇ ಚಾನೆಲ್ ಬಿಡಿಯಾಗಿ ತೆಗೆದುಕೊಳ್ಳಬಹುದು, ಇಡೀ ಪ್ಯಾಕ್ ತಗೊಳ್ಳಲೇಬೇಕು ಅಂತಿಲ್ಲ. ಬಾಕ್ಸ್‌ನಲ್ಲಿ 999 ಒತ್ತಿ, ಗ್ರಾಹಕರ ಮಾಹಿತಿ ಬರುತ್ತದೆ. ನಿಮಗೆ ಬೇಕಾದ ಸ್ಪೋರ್ಟ್ಸ್ ಚಾನೆಲ್‌ಗಳ ಹೆಸರು, ಬಾಕ್ಸ್ ನಂಬರ್ ಒಂದು ಚೀಟಿಯಲ್ಲಿ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಮರೆಯುತ್ತಾರೆ, ಬೇಕಂತ ಅಲ್ಲ, ತಿಂಗಳ ಮೊದಲ ವಾರ ವಸೂಲಿಗೆ ಬಂದವರಿಗೆ ನೂರು ಮನೆಯ ನೂರು ಮಾತು ಇರುತ್ತದೆ. ನೀವು ನೋಡದ ಸಿನಿಮಾ ಚಾನೆಲ್ ನಾಲ್ಕು ತೆಗೆಸಿದರೆ ದುಡ್ಡು ಹೆಚ್ಚುಕಡಿಮೆ ಸರಿಹೋಗುತ್ತದೆ.

ಇನ್ನೊಂದು, ರಿಮೋಟ್‌ನಲ್ಲಿ ಆಡಿಯೋ ಅಥವಾ ಲ್ಯಾಂಗ್ವೇಜ್ ಅಂತ ಬಟನ್ ಇರುತ್ತದೆ. ಕೆಲವು ಚಾನೆಲ್‌ನಲ್ಲಿ ಒಂದೇ ಚಿತ್ರಕ್ಕೆ ಎರಡು ಮೂರು ಭಾಷೆ ಕಳಿಸುತ್ತಾರೆ. ಒತ್ತಿ ನೋಡಿದ್ದೀರಾ?

ಮಾಜಾಳಿ_ಗಡಿ:

ನಿಮ್ಮ ಅಪ್ಪನ ಬಗ್ಗೆ ಓದಿ ನಮ್ಮ ಅಜ್ಜ ನೆನಪಾದರು. ನಮ್ಮ ಕಡೆಯದು ಇನ್ನೂ ಒಂದು ಸುತ್ತು ಜಾಸ್ತಿ. ಕಾರವಾರದಿಂದ ಗೋವಾದ ಫತೋರ್ಡಾ ಮೈದಾನ ಸುಮಾರು 70 ಕಿ.ಮೀ., ಬೆಂಗಳೂರಿನ ಕಂಠೀರವ 500ಕ್ಕೂ ಹೆಚ್ಚು. ಅಮ್ಮನ ತವರು ಗೋವಾದ ಕಾಣಕೋಣ. ಮನೆಯಲ್ಲಿ ಅರ್ಧ ಜನ ಎಫ್‌ಸಿ ಗೋವಾ, ಅರ್ಧ ಜನ ಬೆಂಗಳೂರು.

2019ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಇವೆರಡೇ ತಂಡ. ಮನೆಯಲ್ಲಿ ಹದಿನೈದು ಜನ ಸೇರಿದ್ದೆವು. 90 ನಿಮಿಷ 0-0. ಎಕ್ಸ್‌ಟ್ರಾ ಟೈಮ್ ಶುರುವಾಗಿ ಸ್ವಲ್ಪ ಹೊತ್ತಿಗೆ ನಮ್ಮ ಲೈನ್‌ನಲ್ಲಿ ಚಿತ್ರ ನಿಂತಿತು. 117ನೇ ನಿಮಿಷಕ್ಕೆ ರಾಹುಲ್ ಭೆಕೆ ತಲೆಯಲ್ಲಿ ಹೊಡೆದ ಗೋಲು ನಮಗೆ ಗೊತ್ತಾಗಿದ್ದು ಬೆಂಗಳೂರಿನಿಂದ ಚಿಕ್ಕಪ್ಪನ ಫೋನ್ ಬಂದಾಗ. ಬೆಂಗಳೂರು ಮೊದಲ ಸಲ ಐಎಸ್‌ಎಲ್ ಗೆದ್ದ ಗೋಲು ಅದು. ನಾನು ಬಿಎಫ್‌ಸಿ ಕಡೆಯವನು, ಕುಣಿಯಬೇಕಾಗಿತ್ತು, ಆದರೆ ನೋಡದ ಗೋಲಿಗೆ ಕುಣಿಯಲು ಆಗಲಿಲ್ಲ.

ಗಡಿ ದಾಟಿದರೆ ಗೋವಾದಲ್ಲಿ ಊರ ತಂಡದ ಆಟವೂ ಮರುದಿನ ಪೇಪರ್‌ನಲ್ಲಿ ಇರುತ್ತದೆ, ಚಹಾ ಅಂಗಡಿಯಲ್ಲಿ ಸಾಲ್ಗಾಂವ್‌ಕರ್, ಡೆಂಪೊ, ಚರ್ಚಿಲ್ ಅಂತ ಮಾತು ನಡೆಯುತ್ತದೆ. ಗಡಿಯ ಈಚೆ ಆಡುವ ಹುಡುಗರೂ ಅದೇ ಸಮುದ್ರದ ಹುಡುಗರೇ. ಇವರ ಆಟವನ್ನು ಯಾವ ಕ್ಯಾಮೆರಾ ನೋಡಿದೆ?

ಶಿರಸಿ_ಮಳೆಹಾಡಿ:

ಕೋಪ ಸರಿ, ಆದರೆ ಚಾನೆಲ್‌ನವರು ಲೆಕ್ಕ ನೋಡುತ್ತಾರೆ. ಐಪಿಎಲ್ ಕನ್ನಡದಲ್ಲಿ ಬರುತ್ತದೆ, ಕಬಡ್ಡಿ ಬರುತ್ತದೆ, ಯಾಕೆಂದರೆ ಜಾಹೀರಾತು ಇದೆ. ಐಎಸ್‌ಎಲ್ ಕೂಡ ಕೆಲವು ಸೀಸನ್ ಕನ್ನಡ ಕಾಮೆಂಟರಿಯಲ್ಲಿ ಬಂದಿತ್ತು. ಆಗ ನಾವು ಎಷ್ಟು ಜನ ಅದನ್ನೇ ಹಾಕಿ ನೋಡಿದೆವು? ನಾನಂತೂ ರೂಢಿ ಅಂತ ಇಂಗ್ಲಿಷ್‌ನಲ್ಲೇ ನೋಡಿದೆ. ಈಗ ಅದಕ್ಕೆ ಬೇಸರ ಇದೆ. 2023ರಲ್ಲಿ ಪ್ರಸಾರದ ಹಕ್ಕು ಬೇರೆ ಕೈಗೆ ಹೋಯಿತು.

2022ರ ವಿಶ್ವಕಪ್ ನೆನಪಿಸಿಕೊಳ್ಳಿ. ಫೋನಿನಲ್ಲಿ ಪುಕ್ಕಟೆ ತೋರಿಸಿದರು, ಕಾಮೆಂಟರಿ ಇಂಗ್ಲಿಷ್, ಹಿಂದಿ, ತಮಿಳು, ಮಲಯಾಳಂ, ಬಂಗಾಳಿ. ಐದು ಭಾಷೆ, ಕನ್ನಡ ಇಲ್ಲ. ಮಲಯಾಳಂನಲ್ಲಿ ಶೈಜು ದಾಮೋದರನ್ ಮಾತಾಡುವುದನ್ನು ಭಾಷೆ ಬಾರದ ನಮ್ಮ ಹುಡುಗರೂ ಹಾಕಿಕೊಂಡು ಕೇಳುತ್ತಿದ್ದರು. ಅವರಿಗೆ ಅಂಥವರು ಸಿಕ್ಕಿದ್ದು ವರ್ಷಗಟ್ಟಲೆ ಅವಕಾಶ ಕೊಟ್ಟಿದ್ದಕ್ಕೆ ಅಲ್ವಾ?

ಕಾನೂನಿನ ಒಂದು ವಿಷಯ ಇಲ್ಲಿ ಹೇಳಲೇಬೇಕು, ತುಂಬ ಜನರಿಗೆ ಗೊತ್ತಿಲ್ಲ. 2007ರ ಒಂದು ಕಾಯ್ದೆಯ ಪ್ರಕಾರ ರಾಷ್ಟ್ರೀಯ ಮಹತ್ವದ್ದು ಅಂತ ಸರ್ಕಾರ ಪಟ್ಟಿ ಮಾಡಿದ ಪಂದ್ಯಗಳ ಸಿಗ್ನಲ್ ಅನ್ನು ಖಾಸಗಿ ಚಾನೆಲ್ ದೂರದರ್ಶನ ನಡೆಸುವ ಪ್ರಸಾರ ಭಾರತಿಗೂ ಕೊಡಬೇಕು. ಸಂತೋಷ್ ಟ್ರೋಫಿಯ ಸೆಮಿಫೈನಲ್, ಫೈನಲ್ ಆ ಪಟ್ಟಿಯಲ್ಲಿವೆ. ಐಎಸ್‌ಎಲ್ ಇಲ್ಲ. ಆದರೆ 2017ರಲ್ಲಿ ಸುಪ್ರೀಂ ಕೋರ್ಟ್ ಏನು ಹೇಳಿತು ಅಂದ್ರೆ, ಹಾಗೆ ಹಂಚಿಕೊಂಡ ಸಿಗ್ನಲ್ ದೂರದರ್ಶನದ ಸ್ವಂತ ಟವರ್ ಮತ್ತು ಡಿಡಿ ಫ್ರೀ ಡಿಶ್‌ನಲ್ಲಿ ಮಾತ್ರ ಬರಬಹುದು, ಖಾಸಗಿ ಕೇಬಲ್, ಡಿಟಿಎಚ್ ಮೂಲಕ ಬರುವ ದೂರದರ್ಶನದಲ್ಲಿ ಬರುವಂತಿಲ್ಲ. ಅದಕ್ಕೇ ಪಕ್ಕದ ಮನೆಯ ಫ್ರೀ ಡಿಶ್‌ನಲ್ಲಿ ಆಟ ಬರುವಾಗ ನಮ್ಮ ಕೇಬಲ್‌ನ ಅದೇ ಡಿಡಿಯಲ್ಲಿ ಬೇರೆ ಏನೋ ಓಡುತ್ತಿರುತ್ತದೆ. ಅಪ್ಪನಿಗೆ ಒಂದು ಫ್ರೀ ಡಿಶ್ ಹಾಕಿಸಿ. ತಿಂಗಳ ಬಾಡಿಗೆ ಇಲ್ಲ, ಒಮ್ಮೆ ಡಿಶ್ ಮತ್ತು ಬಾಕ್ಸ್ ಖರ್ಚು ಅಷ್ಟೇ. ಬಿಎಫ್‌ಸಿ ಆಟ ಎಲ್ಲ ಸಿಗುವುದಿಲ್ಲ, ಆದರೆ ಇನ್ನೊಂದು ಸಲ ರಾಜ್ಯ ಫೈನಲ್‌ಗೆ ಬಂದರೆ ಟಿವಿಯಲ್ಲಿ ನೋಡುವ ದಾರಿ ಒಂದಾದರೂ ಇರುತ್ತದೆ.

ಭಟ್ಕಳ_ಸ್ಟಾಪರ್:

ನನಗೆ ಭಾಷೆ ಆಮೇಲೆ, ಮೊದಲು ಚಿತ್ರ ಬರಲಿ. ಮನೆ ಮೇಲಿನ ಡಿಶ್ ನಂಬಿ ಮಳೆಗಾಲದಲ್ಲಿ ಕೂರಬೇಡಿ. ಡಿಟಿಎಚ್ ಆಗಲಿ ಫ್ರೀ ಡಿಶ್ ಆಗಲಿ, ಉಪಗ್ರಹದಿಂದ ಬರುವುದು ಕೆಯು ಬ್ಯಾಂಡ್ ಅನ್ನುವ ಚಿಕ್ಕ ಅಲೆಯಲ್ಲಿ. ಅದರ ಅಲೆ ಎರಡೂವರೆ ಸೆಂಟಿಮೀಟರ್ ಆಸುಪಾಸು, ದಪ್ಪ ಹನಿಯ ಮಳೆ ಅದನ್ನು ಹೀರಿಬಿಡುತ್ತದೆ. ಕೇಬಲ್ ಆಫೀಸಿನ ದೊಡ್ಡ ಡಿಶ್ ಹಿಡಿಯುವುದು ಇನ್ನೂ ಉದ್ದ ಅಲೆಯ ಸಿ ಬ್ಯಾಂಡ್, ಅದಕ್ಕೆ ಮಳೆ ಅಷ್ಟು ತಟ್ಟುವುದಿಲ್ಲ. ಕರೆಂಟ್ ಇದ್ದರೆ ಕೇಬಲ್ ತಡೆಯುತ್ತದೆ.

2024ರ ಯೂರೋ ಫೈನಲ್, ಸ್ಪೇನ್-ಇಂಗ್ಲೆಂಡ್, ಜುಲೈ 15ರ ರಾತ್ರಿ 12:30ಕ್ಕೆ. ಮಳೆ ಹೊಡೆಯುತ್ತಲೇ ಇತ್ತು. 1-1 ಆದದ್ದು ನೋಡಿದೆ, ಆಮೇಲೆ ಸಿಗ್ನಲ್ ಹೋಯಿತು, ಓಯರ್ಜಾಬಲ್ ಹೊಡೆದ ಎರಡನೇ ಗೋಲು ಬೆಳಿಗ್ಗೆ ಗೊತ್ತಾಯಿತು. ಮರುದಿನವೇ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆಮೇಲೆ ಎಷ್ಟೋ ದಿನ ಇಲ್ಲಿ ಯಾರೂ ಆಟದ ಮಾತು ಆಡಲಿಲ್ಲ.

2026ರ ವಿಶ್ವಕಪ್ ಜೂನ್ 11ರಿಂದ ಜುಲೈ 19, ಸರಿಯಾಗಿ ನಮ್ಮ ಮಳೆಗಾಲ. ಅಮೆರಿಕ ಕಡೆ ನಡೆಯುವುದರಿಂದ ಸುಮಾರು ಆಟ ನಮಗೆ ನಡುರಾತ್ರಿ ಮೇಲೆ. ಹಾಗಾಗಿ ಕೇಬಲ್ ತೆಗೆಸಬೇಡಿ, ಫ್ರೀ ಡಿಶ್ ಜೊತೆಗೆ ಇಟ್ಟುಕೊಳ್ಳಿ. ಫ್ರೀ ಡಿಶ್ ಆಗ್ನೇಯ ದಿಕ್ಕಿಗೆ ಬರುತ್ತದೆ, ಆ ಕಡೆ ತೆಂಗಿನ ಮರ ಇದ್ದರೆ ಮೊದಲೇ ನೋಡಿಕೊಳ್ಳಿ. ಬೇಸಿಗೆಯಲ್ಲಿ ಸರಿ ಇದ್ದ ಸಿಗ್ನಲ್ ಗರಿ ಒದ್ದೆಯಾದಾಗ ಹೋಗುತ್ತದೆ.

ಸದಾಶಿವಗಡ_9:

ಅಂಕೋಲಾದ ಅಣ್ಣ, ಚೀಟಿ ಬರೆದು ಕೊಟ್ಟೆ. ಎರಡು ಚಾನೆಲ್ ಬಿಡಿಯಾಗಿ ಹಾಕಿದರು, ಮೂರು ಸಿನಿಮಾ ಚಾನೆಲ್ ತೆಗೆಸಿದೆ, ಅಮ್ಮ ಒಪ್ಪಿದರು. ಆಡಿಯೋ ಬಟನ್ ಒತ್ತಿದೆ, ಹಿಂದಿ ಇಂಗ್ಲಿಷ್ ಎರಡೇ ಇದೆ. ಕನ್ನಡದ ದಾರಿ ಇನ್ನೂ ಸಿಕ್ಕಿಲ್ಲ.

ಮಳೆಹಾಡಿ ಅವರೇ, ನೋಡುವವರಿಲ್ಲ ಅನ್ನುವ ಲೆಕ್ಕ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಇವತ್ತು ಈ ಚಾನೆಲ್, ನಾಳೆ ಆ ಚಾನೆಲ್ ಅಂತ ಹಾಕಿದರೆ ಯಾರು ಹುಡುಕಿಕೊಂಡು ಹೋಗುತ್ತಾರೆ? ಅಪ್ಪನಂಥವರು ಮೂರು ಸಲ ಹುಡುಕಿ ನಾಲ್ಕನೇ ಸಲ ಟಿವಿ ಆರಿಸಿ ಮಲಗುತ್ತಾರೆ. ಆಮೇಲೆ ಆ ಮನೆ ಲೆಕ್ಕದಲ್ಲೇ ಇರುವುದಿಲ್ಲ.

ಶಿರಸಿ_ಮಳೆಹಾಡಿ:

ಅದು ನಿಜ. ನಾನು ಆ ಕಡೆಯಿಂದ ಯೋಚನೆ ಮಾಡಿರಲಿಲ್ಲ.

ಆದರೆ ಕನ್ನಡದಲ್ಲಿ ಫುಟ್ಬಾಲ್ ಹೇಳುವವರು ಇಲ್ಲ ಅಂತ ಯಾರಾದರೂ ಅಂದರೆ ನಾನು ಜಗಳ ಆಡುತ್ತೇನೆ. ನಮ್ಮದು ತಾಳಮದ್ದಳೆಯ ಜಿಲ್ಲೆ. ವೇಷ ಇಲ್ಲ, ಕುಣಿತ ಇಲ್ಲ, ಕೈಯಲ್ಲಿ ಬರೆದ ಚೀಟಿ ಇಲ್ಲ. ಭಾಗವತರು ಒಂದು ಪದ್ಯ ಹೇಳಿ ಬಿಟ್ಟರೆ ಅರ್ಥಧಾರಿ ಆ ಕ್ಷಣಕ್ಕೆ ಮಾತು ಕಟ್ಟುತ್ತಾನೆ, ಎದುರಿನವನು ಅದಕ್ಕೆ ತಿರುಗಿಸಿ ಕೊಡುತ್ತಾನೆ, ಬೆಳಗಿನ ತನಕ ಜನ ಕೂತು ಕೇಳುತ್ತಾರೆ. 90 ನಿಮಿಷದ ಆಟ ಹೇಳಲು ಬೇಕಾದದ್ದು ಇದೇ ಅಲ್ವಾ? ಊರೂರಿನ ವಾಲಿಬಾಲ್ ಟೂರ್ನಮೆಂಟ್‌ನಲ್ಲಿ ಮೈಕ್ ಹಿಡಿಯುವ ಹುಡುಗರನ್ನು ಕೇಳಿದ್ದೀರಲ್ಲ. ಪ್ರತಿ ಆಟಗಾರನ ಮನೆ, ಕೇರಿ, ಎಡಗೈಯಾ ಬಲಗೈಯಾ, ಎಲ್ಲ ಬಾಯಲ್ಲೇ ಇರುತ್ತದೆ.

ಅಂಥ ಹುಡುಗ ಒಬ್ಬ ಹತ್ತಿರದಲ್ಲಿದ್ದರೆ ಟಿವಿ ಸೌಂಡ್ ತೆಗೆದು ಅವನನ್ನು ಅಪ್ಪನ ಪಕ್ಕ ಕೂರಿಸಿ ನೋಡಿ.

ಸದಾಶಿವಗಡ_9:

ತಡವಾಗಿ ಬರೆಯುತ್ತಿದ್ದೇನೆ. ಹಾಗೇ ಮಾಡಿದೆವು. ನಮ್ಮ ಅಣ್ಣನ ಮಗ ಕಾಲೇಜಿನ ಹುಡುಗ, ವಾಲಿಬಾಲ್‌ಗೆ ಮೈಕ್ ಹಿಡಿಯುತ್ತಾನೆ. ಭಾನುವಾರ ಅವನನ್ನು ಕರೆದೆ. ಅಪ್ಪನ ಜೊತೆ ಆಡಿದ ಇಬ್ಬರು ಕೋಡಿಬಾಗದಿಂದ ಬಂದರು. ಟಿವಿ ಮ್ಯೂಟ್ ಮಾಡಿ ಅವನು ಶುರು ಮಾಡಿದ. ಮೊದಲು ಹತ್ತು ನಿಮಿಷ ಬರೀ ಹೆಸರು ಹೇಳಿದ, ಚೆಟ್ರಿ, ಚೆಟ್ರಿ ಅಂತ. ಅಪ್ಪ ತಡೆದರು. "ಚೆಂಡು ಯಾರ ಹತ್ತಿರ ಅನ್ನುವುದು ಆಮೇಲೆ, ಎಲ್ಲಿದೆ ಅಂತ ಮೊದಲು ಹೇಳು. ಎಡಗಡೆ ಗೆರೆಯ ಹತ್ತಿರವಾ, ನಡುವಾ? ಹಿಂದೆ ಯಾರು ಓಡಿ ಬರುತ್ತಿದ್ದಾರೆ?" ಅಂದರು. ಆಮೇಲೆ ಅವನು ಹಾಗೇ ಹೇಳಿದ. ಕೊಂಕಣಿ ಕನ್ನಡ ಎರಡೂ ಬೆರೆಸಿ ಹೇಳಿದ. ಎರಡನೇ ಅರ್ಧದಲ್ಲಿ ಅಪ್ಪ ಕುರ್ಚಿಯನ್ನು ಟಿವಿ ಹತ್ತಿರ ಎಳೆಯಲೇ ಇಲ್ಲ, ಹಿಂದಕ್ಕೆ ಒರಗಿ ಕೂತು ಕೇಳಿದರು.

ಮುಂದಿನ ಆಟಕ್ಕೆ ಇನ್ನೂ ನಾಲ್ಕು ಜನ ಬರುತ್ತೇವೆ ಅಂದಿದ್ದಾರೆ. ಫ್ರೀ ಡಿಶ್ ಹಾಕುವವರಿಗೂ ಹೇಳಿದ್ದೇನೆ, ಆಗ್ನೇಯಕ್ಕೆ ಒಂದು ತೆಂಗಿನ ಮರ ಇದೆ, ಗಚ್ಚಿನ ಇನ್ನೊಂದು ಮೂಲೆಯಿಂದ ಸಿಗ್ನಲ್ ಸಿಗುತ್ತದಾ ನೋಡಬೇಕು.

ಮಾಜಾಳಿ_ಗಡಿ:

ಗೋವಾ-ಬೆಂಗಳೂರು ಆಟ ಯಾವತ್ತಿದ್ದರೂ ಆ ಹುಡುಗನನ್ನು ನಮ್ಮ ಮನೆಗೆ ಕಳಿಸಿ. ಹೋಗಿ ಬರುವ ಗಾಡಿ ನಮ್ಮದು, ಮೀನೂಟವೂ ನಮ್ಮದೇ. ಅಪ್ಪನನ್ನೂ ಕರೆದುಕೊಂಡು ಬನ್ನಿ.